ಲಾನಿಗೆ ನೀರೋ, ಕಾರ್ಡಿಗೆ ಕಂತೋ?

ಪ್ರಶ್ನೆ: 40–60 ಸೈಟಿನ ನಮ್ಮ ಮನೆಯ ಮುಂದೆ ಸುಮಾರು 600 ಚದರಡಿ ಲಾನ್ ಇದೆ, ತಂದೆಯವರು ಆಸೆಪಟ್ಟು ಹಾಕಿಸಿದ್ದು. ಮಾಲಿಗೆ 2,500, ಮೇಲೆ ಟ್ಯಾಂಕರ್, ಗೊಬ್ಬರ, ಯಂತ್ರದ ಪೆಟ್ರೋಲ್ ಸೇರಿ ಬೇಸಿಗೆಯಲ್ಲಿ ತಿಂಗಳಿಗೆ 4,500 ರೂಪಾಯಿ ಹೋಗುತ್ತಿದೆ. ತಂಗಿಯ ಮದುವೆಗೆ ಕ್ರೆಡಿಟ್ ಕಾರ್ಡ್ ಬಳಸಿದ್ದರಿಂದ 1,40,000 ಬಾಕಿ ಉಳಿದಿದೆ. ಕನಿಷ್ಠ ಮೊತ್ತ ಕಟ್ಟುತ್ತಿದ್ದೇನೆ. ಗೃಹಸಾಲವೂ ಇದೆ. ಲಾನ್ ಒಣಗಿಹೋಗಲಿ ಎನ್ನುತ್ತಾಳೆ ಹೆಂಡತಿ. ಸಂಜೆ ಅಮ್ಮ ಕೂರುವುದು ಅಲ್ಲೇ. ಬರುವ ಬೋನಸ್ಸನ್ನು ಗೃಹಸಾಲಕ್ಕೆ ಕಟ್ಟಿಬಿಡಲೇ?
— ಹೆಸರು ಬೇಡ, ಮೈಸೂರು

ಉತ್ತರ: ಬೇಡ. ಗೃಹಸಾಲ ನಿಮ್ಮ ಸಾಲಗಳಲ್ಲೇ ಸಾಧು. ಅದನ್ನು ಅದರ ಪಾಡಿಗೆ ಬಿಡಿ. ಬ್ಯಾಂಕಿನ ಕೌಂಟರಿನ ಹಿಂದೆ ಕೂತು ನಿವೃತ್ತಳಾದ ನನಗೆ ‘ಕನಿಷ್ಠ ಮೊತ್ತ’ ಎಂಬ ಮಾತು ಕೇಳಿದರೆ ಈಗಲೂ ಮೈ ಉರಿಯುತ್ತದೆ. ಲೆಕ್ಕ ನೋಡಿ. ಬಾಕಿಯ ಶೇ 5ರಂತೆ 7,000 ಕಟ್ಟುತ್ತೀರಿ. ತಿಂಗಳಿಗೆ ಶೇ 3.5 ಬಡ್ಡಿ ಎಂದರೆ 4,900. ಅದರ ಮೇಲೆ ಶೇ 18 ಜಿಎಸ್‌ಟಿ, 882. ಅಸಲಿಗೆ ಜಮೆಯಾಗುವುದು ಬರೀ 1,218 ರೂಪಾಯಿ! ಸಾಲದ್ದಕ್ಕೆ, ಹಳೆ ಬಾಕಿ ಇರುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಗೊಬ್ಬರದ ಚೀಲವನ್ನು ಅದೇ ಕಾರ್ಡಿನಲ್ಲಿ ಕೊಂಡರೆ ಮೊದಲ ದಿನದಿಂದಲೇ ಬಡ್ಡಿ. ಕಾರ್ಡನ್ನು ಬೀರುವಿನಲ್ಲಿಟ್ಟು ಕೀಲಿಕೈ ಹೆಂಡತಿಗೆ ಕೊಡಿ.

ತಿಂಗಳಿಗೆ 7,000ವನ್ನೇ ತಪ್ಪದೆ ಕಟ್ಟಿದರೂ ಈ ಸಾಲ ತೀರಲು ಮೂರೂವರೆ ವರ್ಷದ ಮೇಲಾಗುತ್ತದೆ. ಲಾನಿನ ಖರ್ಚಿನಿಂದ 3,500 ಉಳಿಸಿ 10,500 ಕಟ್ಟಿದರೆ ಇಪ್ಪತ್ತು ತಿಂಗಳು. ಮನೆಯಲ್ಲಿ ಸುಮ್ಮನಿರುವ ಒಡವೆಯನ್ನು ಬ್ಯಾಂಕಿನಲ್ಲಿ ಅಡವಿಟ್ಟು, ವರ್ಷಕ್ಕೆ ಶೇ 12ರ ಬಡ್ಡಿಗೆ ಹಣ ತಂದು ಕಾರ್ಡನ್ನು ಒಮ್ಮೆಗೇ ಚುಕ್ತಾ ಮಾಡಿದಿರಿ ಎನ್ನಿ. ಅದೇ 10,500 ಕಟ್ಟುತ್ತಾ ಹೋದರೆ ಹದಿನೈದನೆಯ ತಿಂಗಳಿಗೆ ಒಡವೆ ಮನೆಗೆ ಬರುತ್ತದೆ. ಬೋನಸ್ ಸೇರಿದರೆ ಇನ್ನೂ ಬೇಗ. ಒಡವೆ ಹೆಂಡತಿಯದ್ದಾದರೆ ಕೇಳಿಯೇ ತೆಗೆದುಕೊಳ್ಳಿ, ಮತ್ತೆ!

ಈಗ ಲಾನ್. ದಿನಕ್ಕೆ 5 ಮಿಲಿಮೀಟರ್ ನೀರು ಎಂದರೂ 600 ಚದರಡಿಗೆ ಸುಮಾರು 280 ಲೀಟರ್, ತಿಂಗಳಿಗೆ 8,400. ಆರು ಸಾವಿರ ಲೀಟರಿನ ಒಂದು ಟ್ಯಾಂಕರ್ ಸಾಲುವುದಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಿಟ್ಟರೆ 5,000 ದಂಡ ಎಂದು ಸಾರಿದ್ದು ನೆನಪಿದೆಯೇ? ಸಾಲದಲ್ಲಿರುವವರು ದಂಡದ ಆದೇಶಕ್ಕೆ ಕಾಯಬೇಕಾಗಿಲ್ಲ.

ಆದರೆ ಪೂರ್ತಿ ಒಣಗಿಸಿ ಅಮ್ಮನ ಸಂಜೆಯನ್ನು ಕಿತ್ತುಕೊಳ್ಳಬೇಡಿ. ಅವರ ಕುರ್ಚಿಯ ಸುತ್ತ ನೂರೈವತ್ತು ಚದರಡಿ ಹಸಿರಿರಲಿ. ಉಳಿದ ಕಡೆ ಗರಿಕೆ ಹಬ್ಬಲು ಬಿಡಿ. ಗಣಪತಿಗೆ ಏರಿಸುವ ಈ ಗರಿಕೆಯನ್ನೇ ನರ್ಸರಿಯವರು ಬರ್ಮುಡಾ ಹುಲ್ಲು ಎಂದು ಮಾರುತ್ತಾರೆ. ಬೇಸಿಗೆಯಲ್ಲಿ ಕಂದಿದರೂ ಬೇರು ಸಾಯದೆ, ಮಳೆ ಬಿದ್ದೊಡನೆ ಚಿಗುರುತ್ತದೆ. ಅಮ್ಮನ ತುಂಡಿಗೂ ದಿನಾ ಚಿಮುಕಿಸುವ ಬದಲು ವಾರಕ್ಕೆರಡು ಸಲ, ಬೆಳಗಿನ ಹೊತ್ತು, ಬೇರಿಗಿಳಿಯುವಂತೆ ನೀರು ಕೊಡಿ. ಬಟ್ಟೆ ತೊಳೆದ ಕೊನೆಯ ನೀರು, ಸೋಪು ಕಡಿಮೆಯಿದ್ದರೆ, ಧಾರಾಳವಾಗಿ ಹಾಕಬಹುದು. ತೀರಾ ನೆಲ ಕಾಣುವಂತೆ ಕತ್ತರಿಸಬೇಡಿ. ಎರಡು ಅಂಗುಲ ಉಳಿದರೆ ಮಣ್ಣಿನ ತೇವ ಬೇಗ ಆರುವುದಿಲ್ಲ. ಯಂತ್ರ ಸುಸ್ಥಿತಿಯಲ್ಲಿದ್ದರೆ ಮಾರಿಬಿಡಿ. ಇಷ್ಟು ಜಾಗಕ್ಕೆ ಕತ್ತರಿ ಸಾಕು.

ಮಾಲಿಯನ್ನು ನಾಳೆಯಿಂದ ಬರಬೇಡ ಎಂದು ಕಳಿಸಬೇಡಿ. ಒಂದು ತಿಂಗಳು ಮೊದಲೇ ಹೇಳಿ. ಆಮೇಲೆ ತಿಂಗಳಿಗೊಂದು ದಿನ ಕರೆದು ಆ ದಿನದ ಪೂರ್ತಿ ಕೂಲಿ ಕೊಡಿ. ಅಕ್ಕಪಕ್ಕದ ಎರಡು ಮನೆಗೆ ನೀವೇ ಅವನ ವಿಷಯ ತಿಳಿಸಿದರೆ ಇನ್ನೂ ಒಳ್ಳೆಯದು.