ಹಳೆಯ ಹಾಯಿದೋಣಿಯನ್ನು ನಾಲ್ವರು ಹೆಂಗಸರು ಸೇರಿ ಕೊಂಡು ಕೊಡಗಿನಲ್ಲಿ ಇಟ್ಟುಕೊಳ್ಳಬಹುದಾ?

ನೀವು ಕೇಳಿದ್ದು ಇಷ್ಟು: ಮಡಿಕೇರಿಯ ನಾಲ್ಕು ಜನ ಗೆಳತಿಯರಿಗೆ ಬೆಂಗಳೂರಿನಲ್ಲಿ ಒಂದು ಹಳೆಯ ಮರದ ಹಾಯಿದೋಣಿ ಕಡಿಮೆ ಬೆಲೆಗೆ ಸಿಗುತ್ತಿದೆ. ಸೇರಿ ಕೊಂಡು, ನಾವೇ ರಿಪೇರಿ ಮಾಡಿಕೊಂಡು, ಹಂಚಿಕೊಂಡು ಓಡಿಸಬಹುದಾ? ಜಗಳ ಆಗಲ್ವಾ? ಈ ಮಳೆಯಲ್ಲಿ ಮರ ಉಳಿಯುತ್ತಾ?

ಸುಂಟಿಕೊಪ್ಪದ ಹತ್ತಿರ ನಾವೂ ನಾಲ್ಕು ಜನ ಇದನ್ನೇ ಮಾಡುತ್ತಿದ್ದೇವೆ. ಒಬ್ಬರು ಟೀಚರ್, ಒಬ್ಬರು ರಿಟೈರ್ ಆದ ನರ್ಸ್, ಇನ್ನಿಬ್ಬರು ತೋಟ ನೋಡಿಕೊಳ್ಳುವವರು. ಅದರಲ್ಲಿ ನಾನೊಬ್ಬಳು. ದೋಣಿ ಸಿಕ್ಕಿದ್ದು ನಮ್ಮ ಊರಿನ ಕರ್ನಲ್ ಅಂಕಲ್ ಅವರಿಂದ. ಸೈನ್ಯದಲ್ಲಿ ಹಾಯಿದೋಣಿ ಓಡಿಸುವ ರೂಢಿ ಇದೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೈನ್ಯದ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನವರು ಓಡಿಸುವುದನ್ನು ನೀವೂ ನೋಡಿರಬಹುದು. ಕೊಡಗಿನಲ್ಲಿ ಸಮುದ್ರವಿಲ್ಲ, ಆದರೆ ಸೈನ್ಯದಿಂದ ವಾಪಸ್ ಬಂದವರಿಗೆ ಬರವಿಲ್ಲ. ಹಾಗಾಗಿ ಇಂಥ ದೋಣಿಗಳು ಘಟ್ಟ ಹತ್ತಿ ಬರುತ್ತವೆ.

ಜಗಳ ಆಗುತ್ತದೆ. ಆದರೆ ನೀವು ಅಂದುಕೊಂಡಿರುವ ಕಾರಣಕ್ಕೆ ಅಲ್ಲ. ಭಾನುವಾರ ಯಾರು ಓಡಿಸಬೇಕು ಅಂತ ನಮ್ಮಲ್ಲಿ ಯಾವತ್ತೂ ಮಾತು ಬೆಳೆದಿಲ್ಲ. ನಮ್ಮದು ಎಂಟರ್‌ಪ್ರೈಸ್ ಅನ್ನುವ ಮಾದರಿ, ಓಡಿಸಲು ಇಬ್ಬರು ಬೇಕೇ ಬೇಕು. ಜೊತೆ ಸಿಕ್ಕಿದರೆ ಸಾಕು ಅಂತ ಕಾಯುವವರೇ ಜಾಸ್ತಿ. ಜಗಳ ಬರುವುದು ಯಾರು ಒಣಗಿಸಬೇಕು, ಯಾರು ಹಳೆ ಬಣ್ಣ ಕೆರೆಯಬೇಕು, ಜುಲೈಯಲ್ಲಿ ಟಾರ್ಪಾಲಿನ ಕೆಳಗೆ ಯಾರು ತಲೆ ಹಾಕಿ ನೋಡಬೇಕು ಅನ್ನುವಲ್ಲಿ. ಐನ್‌ಮನೆಯ, ಅಂದರೆ ಕೊಡವ ಕುಟುಂಬಗಳ ಮೂಲಮನೆಯ ಕಥೆಯೇ ಇದು. ಹಬ್ಬದ ದಿನ ಒಕ್ಕದವರೆಲ್ಲ, ಅಂದರೆ ಇಡೀ ಕುಟುಂಬದವರು ಬರುತ್ತಾರೆ, ಎಲೆ ಹಾಕಲು ಜಾಗ ಸಾಲುವುದಿಲ್ಲ. ಮಳೆಗೆ ಮುಂಚೆ ಹಂಚು ಬದಲಿಸಬೇಕು ಅಂದಾಗ ಎಲ್ಲರಿಗೂ ಬೆಂಗಳೂರಿನಲ್ಲಿ ಕೆಲಸ.

ಅದಕ್ಕೇ ನಾವು ಮೊದಲು ಹಂಚಿಕೊಂಡಿದ್ದು ಕೆಲಸವನ್ನು, ದೋಣಿಯನ್ನಲ್ಲ. ದುಡ್ಡು ನಾಲ್ಕು ಪಾಲು. ಮೈಗೆಲಸವೂ ನಾಲ್ಕು ಪಾಲು. ಒಂದರ ಬದಲು ಇನ್ನೊಂದು ಕೊಡುವ ಹಾಗಿಲ್ಲ. ಈ ನಿಯಮಕ್ಕೆ ಶುರುವಿನಲ್ಲಿ ವಿರೋಧ ಬಂತು. "ನನ್ನ ಪಾಲಿನ ಕೆರೆಯೋ ಕೆಲಸಕ್ಕೆ ಆಳು ಕಳಿಸ್ತೀನಿ, ಏನಾಯ್ತು?" ಅಂತ ಒಬ್ಬರು ಕೇಳಿದರು. ಆಗುವುದು ಇಷ್ಟೇ: ಕೆರೆದವರಿಗೆ ಎಲ್ಲಿ ಮರ ಮೆತ್ತಗಿದೆ, ಎಲ್ಲಿ ಹಳೇ ಬಿರುಕಿದೆ ಅಂತ ಬೆರಳಿಗೇ ಗೊತ್ತಿರುತ್ತದೆ. ಆಳು ಕಳಿಸಿದವರಿಗೆ ಗೊತ್ತಿರುವುದಿಲ್ಲ. ಆಮೇಲೆ ನೀರಿನ ಮಧ್ಯೆ ಗಾಳಿ ಜೋರಾದಾಗ ಅವರು ದೋಣಿಯನ್ನು ನಂಬುವುದೂ ಇಲ್ಲ, ಅದರ ಮಾತು ಕೇಳುವುದೂ ಇಲ್ಲ. ಈಗ ಅವರೇ ಎಲ್ಲರಿಗಿಂತ ಚೆನ್ನಾಗಿ ಸ್ಯಾಂಡ್ ಪೇಪರ್ ಹಿಡಿಯುತ್ತಾರೆ, ಅದು ಬೇರೆ ಮಾತು.

ಲೆಕ್ಕಕ್ಕೆ ಸ್ವಸಹಾಯ ಸಂಘದ ಪದ್ಧತಿಯನ್ನೇ ಇಟ್ಟುಕೊಳ್ಳಿ. ಒಂದು ನೋಟ್‌ಬುಕ್, ತಿಂಗಳಿಗೊಂದು ಸಣ್ಣ ಕಂತು, ಯಾರು ಏನು ಮಾಡಿದರು ಅಂತ ದಿನಾಂಕ ಹಾಕಿ ಸಹಿ. ವಾಟ್ಸಾಪ್ ಗ್ರೂಪ್ ಇದಕ್ಕೆ ಆಗುವುದಿಲ್ಲ, ಅಲ್ಲಿ ಎಲ್ಲವೂ ಗುಡ್ ಮಾರ್ನಿಂಗ್ ಚಿತ್ರಗಳ ಕೆಳಗೆ ಹೂತುಹೋಗುತ್ತದೆ. ಬಿಟ್ಟು ಹೋಗುವವರ ಪಾಲು ಎಷ್ಟು ಅನ್ನುವುದನ್ನು ಸ್ನೇಹ ಚೆನ್ನಾಗಿರುವಾಗಲೇ ಬರೆದಿಡಿ. ನಮ್ಮಲ್ಲಿ ಕೊಂಡ ಬೆಲೆಯ ಪಾಲು ಮಾತ್ರ ವಾಪಸ್, ರಿಪೇರಿಗೆ ಹಾಕಿದ್ದು ಹೋಯಿತು ಅಂತಲೇ ಲೆಕ್ಕ. ರಿಪೇರಿ ಖರ್ಚು ಯಾವಾಗಲೂ ದೋಣಿಯ ಬೆಲೆಯನ್ನು ದಾಟುತ್ತದೆ, ಅದನ್ನು ವಾಪಸ್ ಕೊಡುತ್ತಾ ಕೂತರೆ ಉಳಿದವರು ತೋಟ ಅಡ ಇಡಬೇಕು. ಮರ, ಹಗ್ಗ, ತೇಲುವ ಚೀಲ, ಅಂದರೆ ಜೀವಕ್ಕೆ ಸಂಬಂಧಪಟ್ಟ ವಿಷಯದಲ್ಲಿ ಒಬ್ಬರು ಬೇಡ ಅಂದರೂ ನೀರಿಗೆ ಇಳಿಸುವುದಿಲ್ಲ. ಬಣ್ಣಕ್ಕೆ ಬಹುಮತ ಸಾಕು. ನಾನು ಹಸಿರು ಅಂದಿದ್ದೆ. ಈಗ ದೋಣಿ ಬಿಳಿ ಇದೆ.

ಹೆಂಗಸರು ಮಾಡಿಯಾರಾ ಅನ್ನುವ ಪ್ರಶ್ನೆ ನೀವು ಕೇಳಲಿಲ್ಲ, ಆದರೆ ಮನೆಯಲ್ಲಿ ಯಾರಾದರೂ ಕೇಳುತ್ತಾರೆ. ಅವರಿಗೆ ಮೇಡನ್ ಅನ್ನುವ ದೋಣಿಯ ಕಥೆ ಹೇಳಿ. ಇಂಗ್ಲೆಂಡಿನ ಟ್ರೇಸಿ ಎಡ್ವರ್ಡ್ಸ್ ಮನೆ ಅಡ ಇಟ್ಟು ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡರು. ಉದ್ದ 58 ಅಡಿ, ಮೈ ಅಲ್ಯೂಮಿನಿಯಂ. ಅವರ ತಂಡದ ಹೆಂಗಸರೇ ಬಿಚ್ಚಿ, ಉಜ್ಜಿ, ಸರಿ ಮಾಡಿಕೊಂಡು 1989–90ರಲ್ಲಿ ಭೂಮಿ ಸುತ್ತುವ ವಿಟ್‌ಬ್ರೆಡ್ ರೇಸಿಗೆ ಹೋದರು. ಎರಡು ಹಂತ ಗೆದ್ದರು, ತಮ್ಮ ವಿಭಾಗದಲ್ಲಿ ಎರಡನೆಯವರಾದರು. ಆಮೇಲೆ ದುಡ್ಡಿಗಾಗಿ ದೋಣಿ ಮಾರಬೇಕಾಯಿತು. ನೋಡುವವರಿಲ್ಲದೆ ಹಾಳಾಗಿ ಅದು 2014ರಲ್ಲಿ ಸೇಶೆಲ್ಸ್‌ನಲ್ಲಿ ಪತ್ತೆಯಾಯಿತು. ಚಂದಾ ಎತ್ತಿ ಮತ್ತೆ ತಂದು, ಇಂಗ್ಲೆಂಡಿನಲ್ಲಿ ಪೂರ್ತಿ ದುರಸ್ತಿ ಮಾಡಿ 2018ರಲ್ಲಿ ನೀರಿಗೆ ಇಳಿಸಿದರು. 2024ರಲ್ಲಿ ಓಷನ್ ಗ್ಲೋಬ್ ರೇಸನ್ನು ಪೂರ್ತಿ ಹೆಂಗಸರ ತಂಡವೇ ಅದರಲ್ಲಿ ಗೆದ್ದಿತು. ಆ ತಂಡದಲ್ಲಿ ನಮ್ಮ ಪಾಯಲ್ ಗುಪ್ತಾ ಇದ್ದರು. 2017–18ರಲ್ಲಿ ನೌಕಾಪಡೆಯ ತಾರಿಣಿಯಲ್ಲಿ ಲೋಕ ಸುತ್ತಿದ ಆರು ಮಂದಿಯಲ್ಲಿ ಒಬ್ಬರು ಅವರು. ತಾರಿಣಿಯಂಥ ದೋಣಿಯಲ್ಲಿ ನಡು ಸಾಗರದಲ್ಲಿ ಏನಾದರೂ ಕೆಟ್ಟರೆ ಮೆಕ್ಯಾನಿಕ್ ಬರುವುದಿಲ್ಲ. ಸ್ಪ್ಯಾನರ್ ಹಿಡಿಯಬೇಕಾದವರು ಒಳಗೆ ಇರುವವರೇ.

ನಮ್ಮದು ಅಷ್ಟು ದೊಡ್ಡದೇನಲ್ಲ ಬಿಡಿ. ಎಂಟರ್‌ಪ್ರೈಸ್ ದೋಣಿಯನ್ನು ಜ್ಯಾಕ್ ಹೋಲ್ಟ್ ಅನ್ನುವವರು 1956ರಲ್ಲಿ ರೂಪಿಸಿದರು. ಸಾಮಾನ್ಯ ಜನ ಮನೆಯಲ್ಲೇ ಪ್ಲೈವುಡ್ ಕತ್ತರಿಸಿ ಕಟ್ಟಿಕೊಳ್ಳಲಿ ಅನ್ನುವುದೇ ಅದರ ಉದ್ದೇಶ. ಉದ್ದ ಸುಮಾರು 4 ಮೀಟರ್, ನೀಲಿ ಹಾಯಿ. ಮನೆಯಲ್ಲಿ ಕಟ್ಟಬಹುದಾದ್ದನ್ನು ಮನೆಯಲ್ಲಿ ರಿಪೇರಿಯೂ ಮಾಡಬಹುದು. ನಿಮಗೆ ಸಿಗುತ್ತಿರುವುದು ಯಾವ ಮಾದರಿ ಅಂತ ನೀವು ಬರೆದಿಲ್ಲ. ಪ್ಲೈವುಡ್ ಆಗಿದ್ದರೆ ಮುಂದಿನದ್ದೆಲ್ಲ ನಿಮಗೂ ಅನ್ವಯಿಸುತ್ತದೆ.

ಈಗ ಮಳೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಜಾಸ್ತಿ ಬೀಳುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮರವನ್ನು ಕೊಳೆಸುವುದು ಬೂಷ್ಟಿನ ಜಾತಿಯ ಶಿಲೀಂಧ್ರ. ಅದಕ್ಕೆ ಸಿಹಿನೀರು ಬೇಕು. ಉಪ್ಪುನೀರು ಅದಕ್ಕೆ ಅಷ್ಟಾಗಿ ಹಿಡಿಸುವುದಿಲ್ಲ. ಹಾಗಾಗಿ ಕಡಲಿನಲ್ಲಿ ತೇಲಿದ ದೋಣಿಗಿಂತ ಕೆರೆಯ ಪಕ್ಕ ಮಳೆನೀರು ತುಂಬಿಕೊಂಡು ನಿಂತ ದೋಣಿಗೆ ಕೊಳೆ ಬೇಗ ಹತ್ತುತ್ತದೆ. ಮರದೊಳಗಿನ ತೇವ ಶೇ. 20ರ ಕೆಳಗಿದ್ದರೆ ಶಿಲೀಂಧ್ರಕ್ಕೆ ಬೆಳೆಯಲು ಆಗುವುದಿಲ್ಲ. ಎಪಾಕ್ಸಿ ಅಂಟು ಹಚ್ಚಬೇಕಾದರೆ ಶೇ. 12ರ ಹತ್ತಿರಕ್ಕೆ ಇಳಿಯಬೇಕು. ಕಾಫಿಯ ತೇವ ನೋಡುವ ಮೀಟರ್ ಇದಕ್ಕೆ ಬರುವುದಿಲ್ಲ. ಎರಡು ಮೊಳೆಯಂಥ ಪಿನ್ ಚುಚ್ಚಿ ನೋಡುವ ಮರದ ಮೀಟರ್ ಬೇರೆ ಸಿಗುತ್ತದೆ, ತಗೊಳ್ಳಿ.

ನಿಮ್ಮ ದೋಣಿಯನ್ನು ಮಡಿಕೇರಿಯಲ್ಲಿ ಇಡಬೇಡಿ ಅನ್ನುವುದು ನನ್ನ ಅಭಿಪ್ರಾಯ. ಕುಶಾಲನಗರದ ಕಡೆ ಯಾರಾದರೂ ನೆಂಟರ ಶೆಡ್ ಇದ್ದರೆ ಕೇಳಿ ನೋಡಿ, ಅಲ್ಲಿ ಮಳೆ ತುಂಬಾ ಕಡಿಮೆ. ದೋಣಿಯನ್ನು ಬೋರಲು ಹಾಕಿ, ನೆಲದಿಂದ ಸೊಂಟದ ಎತ್ತರಕ್ಕೆ ಸ್ಟ್ಯಾಂಡ್ ಮೇಲಿಡಿ. ಟಾರ್ಪಾಲು ಮರಕ್ಕೆ ತಾಗಬಾರದು, ಮಧ್ಯೆ ಗಾಳಿ ಓಡಾಡಬೇಕು. ಪ್ಲಾಸ್ಟಿಕ್ ಸುತ್ತಿ ಬಿಗಿಯಾಗಿ ಕಟ್ಟಿದರೆ ಒಳಗಿನ ತೇವ ಒಳಗೇ ಉಳಿದು ಮರ ಬೇಯುತ್ತದೆ. ದೋಣಿಯನ್ನು ತೇಲಿಸುವ ಗಾಳಿ ಡಬ್ಬಿಗಳ ಮುಚ್ಚಳ ತೆಗೆದಿಡಿ. ಹಾಯಿಯನ್ನು ಗೋಡೌನಿನ ಮೂಲೆಯಲ್ಲಿ ಸುತ್ತಿಟ್ಟರೆ ಇಲಿಗೆ ಹಾಸಿಗೆ. ನಾವು ಅದನ್ನು ತಂತಿ ಕಟ್ಟಿ ಜಂತಿಯಿಂದ ನೇತು ಹಾಕುತ್ತೇವೆ. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಎಲ್ಲರೂ ಕೋವಿ, ಕತ್ತಿ ತೊಳೆದು ಇಡುವಾಗ ನಾವು ಟಾರ್ಪಾಲು ತೆಗೆದು ಮೀಟರ್ ಚುಚ್ಚುತ್ತೇವೆ. ಮಳೆಗಾಲದ ಅಂದಾಜು ಸಿಗಲು ಸೆಪ್ಟೆಂಬರ್ ಮೊದಲ ವಾರ ಸರಿಯಾದ ಸಮಯ.

ದೊಡ್ಡ ರಿಪೇರಿಗೆ ಕೊಡಗಿನಲ್ಲಿ ಸಿಗುವ ಕಾಲ ಸಣ್ಣದು. ರೊಬಸ್ಟಾ ಕಾಫಿ ಒಣಗಿ ಕಣ ಖಾಲಿಯಾದ ಮೇಲೆ, ಮಳೆ ಹಿಡಿಯುವ ಮುಂಚೆ. ಅದೂ ಹೂ ಮಳೆಯ, ಅಂದರೆ ಕಾಫಿ ಹೂ ಅರಳಿಸುವ ಮಳೆಯ ಕಾಲ. ತೋಟಕ್ಕೆ ಮಳೆ ಬರಲಿ ಅಂತ ದೇವರಿಗೆ ಹೇಳಿಕೊಂಡು, ಕಣದಲ್ಲಿ ಬಿಚ್ಚಿಟ್ಟ ದೋಣಿ ನೋಡಿ ಇವತ್ತು ಬೇಡಪ್ಪಾ ಅಂತಲೂ ಹೇಳಿಕೊಳ್ಳುವ ಪರಿಸ್ಥಿತಿ. ಎಪಾಕ್ಸಿ ತೇವದ ಗಾಳಿಯಲ್ಲಿ ಗಟ್ಟಿಯಾಗುವಾಗ ಮೇಲೆ ಮೇಣದಂಥ ಜಿಡ್ಡು ಪದರ ಬರುತ್ತದೆ. ಅದರ ಮೇಲೆ ಹಾಗೇ ಮುಂದಿನ ಕೋಟ್ ಹಾಕಿದರೆ ಕಿತ್ತು ಬರುತ್ತದೆ. ನೀರು ಹಾಕಿ ಸ್ಕ್ರಬ್ಬರಿನಲ್ಲಿ ಉಜ್ಜಿ ತೊಳೆದು, ಒಣಗಿಸಿ, ಸ್ಯಾಂಡ್ ಪೇಪರ್ ಹಾಕಿ ಆಮೇಲೆ ಮುಂದುವರಿಯಿರಿ. ಬೇಗ ಗಟ್ಟಿಯಾಗಲಿ ಅಂತ ಅಂಟಿಗೆ ಬೆರೆಸುವ ಹಾರ್ಡ್‌ನರ್ ಜಾಸ್ತಿ ಹಾಕಬೇಡಿ, ಅಳತೆ ತಪ್ಪಿದರೆ ಅದು ಯಾವತ್ತೂ ಸರಿಯಾಗಿ ಗಟ್ಟಿಯಾಗುವುದಿಲ್ಲ. ಕಲಸಿದ್ದನ್ನು ಡಬ್ಬಿಯಲ್ಲಿ ಬಿಟ್ಟರೆ ಬಿಸಿಯಾಗಿ ಹೊಗೆ ಬರಬಹುದು, ಅಗಲ ತಟ್ಟೆಗೆ ಸುರಿದುಕೊಳ್ಳಿ. ಕೈಗೆ ಗ್ಲೌಸ್ ಕಡ್ಡಾಯ. ಚರ್ಮಕ್ಕೆ ಒಮ್ಮೆ ಅಲರ್ಜಿ ಶುರುವಾದರೆ ಸಾಮಾನ್ಯವಾಗಿ ಅದು ವಾಪಸ್ ಹೋಗುವುದಿಲ್ಲ. ಇದನ್ನು ನಮಗೆ ಗದರಿ ಗದರಿ ಹೇಳಿದ್ದು ನಮ್ಮ ನರ್ಸ್ ಅಕ್ಕ. ಕೊನೆಗೆ ಮೇಲೆ ಬಣ್ಣವೋ ವಾರ್ನಿಷೋ ಬೇಕು, ಬಿಸಿಲಿಗೆ ಬರೀ ಎಪಾಕ್ಸಿ ತಡೆಯುವುದಿಲ್ಲ.

ಪ್ಲೈವುಡ್ ಕೊಳ್ಳುವಾಗ ಅಂಗಡಿಯವರು ವಾಟರ್‌ಪ್ರೂಫ್ ಅಂದರೆ ಒಪ್ಪಬೇಡಿ. ಹಾಳೆಯ ಮೇಲೆ ಐಎಸ್ 710 ಅಂತ ಮುದ್ರೆ ಇರಬೇಕು, ಅದು ಮರೈನ್ ಪ್ಲೈವುಡ್ಡಿನ ಭಾರತೀಯ ಮಾನದಂಡ. 303 ಅಂತ ಇದ್ದರೆ ಅದು ಮನೆ ಕಪಾಟಿಗೆ. ಕೊಳೆತ ಭಾಗ ಕತ್ತರಿಸಿ ಹೊಸದು ಕೂರಿಸುವಾಗ ಎರಡೂ ಅಂಚನ್ನು ಇಳಿಜಾರಾಗಿ ಕೀಸಿ ಒಂದರ ಮೇಲೊಂದು ಕೂರಿಸಬೇಕು. ದಪ್ಪಕ್ಕೆ ಎಂಟು ಪಾಲು ಇಳಿಜಾರು. ಅಂದರೆ 6 ಮಿ.ಮೀ. ಹಾಳೆಗೆ 48 ಮಿ.ಮೀ. ನಮ್ಮ ಆಚಾರಿ ಇದನ್ನು ಒಮ್ಮೆ ನೋಡಿ ನಮಗಿಂತ ಚೆನ್ನಾಗಿ ಮಾಡಿ ತೋರಿಸಿದರು, ಆಮೇಲೆ ಉಳಿ ನಮ್ಮ ಕೈಗೆ ಕೊಟ್ಟರು.

ಅಂಚಿನ ಪಟ್ಟಿಗೆ, ಒಳಗಿನ ಆಧಾರಕ್ಕೆ ನಾವು ಹಾಕಿದ್ದು ಹೆಬ್ಬಲಸು, ಕೆಡವಿದ ಹಳೆ ಮನೆಯ ತೊಲೆ. ಹೊಸ ಮರ ಕಡಿಯಲು ಹೋದರೆ ಸ್ವಂತ ತೋಟದಲ್ಲೂ ಅನುಮತಿಯ ಓಡಾಟ ನಿಮಗೆ ಗೊತ್ತೇ ಇದೆ. ಕೇರಳದ ಕಡೆ ದೋಣಿ ಕಟ್ಟುವವರು ತಲೆತಲಾಂತರದಿಂದ ಬಳಸುವುದು ಇದೇ ಮರವನ್ನು, ಅಲ್ಲಿ ಅದಕ್ಕೆ ಆಂಜಿಲಿ ಅನ್ನುತ್ತಾರೆ. ಹಿಂದೆ ಹಡಗಿನ ಕಂಬಕ್ಕೆ ನಮ್ಮ ಘಟ್ಟದ ಕಾಡಿನಿಂದ ನೆಟ್ಟಗೆ ಬೆಳೆದ ಪೂನ್ ಮರವೂ ಹೋಗುತ್ತಿತ್ತು. ಕೊಡಗಿಗೂ ಹಾಯಿಗೂ ಏನು ಸಂಬಂಧ ಅಂತ ನಗುವವರಿಗೆ ಇದನ್ನು ಹೇಳಿ ಬಾಯಿ ಮುಚ್ಚಿಸಬಹುದು.

ಹಗ್ಗ, ಸ್ಟೀಲ್ ಬೋಲ್ಟ್, ದೋಣಿಯ ಬಣ್ಣ ಇವಕ್ಕೆ ಮಂಗಳೂರಿನ ದಕ್ಕೆಯ, ಅಂದರೆ ಮೀನುಗಾರಿಕೆ ಬಂದರಿನ ಸುತ್ತಮುತ್ತ ಹೋಗಿ. ಮೀನುಗಾರರಿಗೆ ಮಾರುವ ಅಂಗಡಿಗಳಲ್ಲಿ ಸಾಮಾನು ಗಟ್ಟಿ, ಬೆಲೆಯೂ ಪರವಾಗಿಲ್ಲ. "ಸರ್ ಬಂದಿಲ್ವಾ?" ಅಂತ ಕೇಳುತ್ತಾರೆ. ಹಗ್ಗದ ದಪ್ಪವನ್ನು ಮಿಲಿಮೀಟರಿನಲ್ಲಿ ಹೇಳಿದ ಮೇಲೆ ಕೇಳುವುದಿಲ್ಲ.

ಓಡಿಸುವ ಜಾಗದ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಹಾರಂಗಿಯಾಗಲಿ ಬೇರೆ ಯಾವುದೇ ಅಣೆಕಟ್ಟಿನ ನೀರಾಗಲಿ, ಸುಮ್ನೆ ಇಳಿಸುವ ಹಾಗಿಲ್ಲ. ಲಿಖಿತ ಅನುಮತಿ ಬೇಕು, ಲೈಫ್ ಜಾಕೆಟ್ ಬೇಕು. ಮೊದಲ ಸಲ ಎದೆಮಟ್ಟದ ನೀರಿನಲ್ಲಿ ಬೇಕಂತಲೇ ದೋಣಿ ಮಗುಚಿ, ನೀರು ತುಂಬಿಸಿ, ಅದು ತೇಲುತ್ತದಾ ನೋಡಿ. ನಾಲ್ವರೂ ನೀರಿಗೆ ಇಳಿದು ಎತ್ತಿ ಕಲಿಯಿರಿ. ಟ್ರೈಲರಿಗೆ ದುಡ್ಡು ತೆಗೆದಿಟ್ಟುಕೊಳ್ಳಿ, ಎಲ್ಲರೂ ಮರೆಯುವ ಖರ್ಚು ಅದು.

ಇನ್ನು, ತಗೊಳ್ಳಬಹುದಾ ಅಂದರೆ, ನೋಡದೆ ಹೇಳಲಾಗುವುದಿಲ್ಲ. ನಾಲ್ವರೂ ಒಟ್ಟಿಗೆ ಹೋಗಿ. ಒಂದು ಚೂಪು ಸ್ಕ್ರೂಡ್ರೈವರ್, ಒಂದು ಟಾರ್ಚ್ ಒಯ್ಯಿರಿ. ಸ್ಕ್ರೂಡ್ರೈವರಿನ ಹಿಡಿಯಿಂದ ಇಡೀ ಮೈ ತಟ್ಟುತ್ತಾ ಬನ್ನಿ. ಟಕ್ ಟಕ್ ಅಂದರೆ ಸರಿ, ಡಬ್ ಅಂದರೆ ಒಳಗೆ ಏನೋ ಇದೆ. ಹಿಂಭಾಗದ ಹಲಗೆಯ ಕೆಳಗಿನ ಎರಡು ಮೂಲೆ, ಮಧ್ಯದ ಹಲಗೆ ಇಳಿಯುವ ಪೆಟ್ಟಿಗೆಯ ಬುಡ, ಕಂಬ ಕೂರುವ ಜಾಗ, ಮುಂದಿನ ಡೆಕ್ಕಿನ ಕೆಳಗೆ, ಈ ಜಾಗಗಳಲ್ಲಿ ತುದಿಯಿಂದ ಚುಚ್ಚಿ. ಒಂದು ಮೂಲೆ ಮೆತ್ತಗಿದ್ದರೆ ಬೆಲೆ ಇಳಿಸಿ ಕೇಳಿ, ಒಂದು ಬೇಸಿಗೆಯಲ್ಲಿ ಸರಿ ಮಾಡಬಹುದು. ಪೆಟ್ಟಿಗೆಯ ಬುಡವೂ ಕಂಬದ ಜಾಗವೂ ಎರಡೂ ಮೆತ್ತಗಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಹೊಸ ಬಣ್ಣ ಬಳಿದಿದ್ದು, ಚುಚ್ಚಲು ಬಿಡುವುದಿಲ್ಲ ಅಂದರೆ ಟೀ ಕುಡಿದು ವಾಪಸ್ ಬನ್ನಿ.