ದಂಡಂ ದಶಗುಣಂ ಎಂದ ಮೇಷ್ಟರಿಗೆ

ಗೌರವಾನ್ವಿತ ಮೇಷ್ಟರೇ,

ಸಿರಿಯಾದ ಸರ್ವಾಧಿಕಾರಿ ಬಶರ್ ಅಸಾದ್ ಪತನ ಕುರಿತ ನಮ್ಮ ಲೇಖನಕ್ಕೆ ನೀವು ಬರೆದ ನಾಲ್ಕು ಪುಟಗಳ ಪತ್ರವನ್ನು ಎರಡು ಬಾರಿ ಓದಿದೆ. ‘ಸದ್ದಾಂ ಹೋದ, ಇರಾಕ್ ಹೊತ್ತಿ ಉರಿಯಿತು. ಗಡ್ಡಾಫಿ ಹೋದ, ಲಿಬಿಯಾ ಹೋಳಾಯಿತು. ಈಗ ಅಸಾದ್ ಹೋದದ್ದನ್ನು ನೀವು ಹಬ್ಬದಂತೆ ಬರೆದಿದ್ದೀರಿ. ಆ ಸೀಮೆಗೆ ದಂಡಂ ದಶಗುಣಂ’ ಎಂಬುದು ನಿಮ್ಮ ಆಕ್ಷೇಪದ ತಿರುಳು. ಸಿರಿಯಾದ ಕರಾವಳಿಯಲ್ಲಿ ನಡೆದ ಹತ್ಯೆಗಳನ್ನು ಒಂದೇ ವಾಕ್ಯದಲ್ಲಿ ದಾಟಿಬಿಟ್ಟೆವು ಎಂದೂ ದೂರಿದ್ದೀರಿ.

ಈ ಎರಡನೆಯ ದೂರು ಸರಿ. ತಪ್ಪು ನಮ್ಮದೇ. 2025ರ ಮಾರ್ಚ್‌ನಲ್ಲಿ ಅಸಾದನೂ ಸೇರಿದ ಅಲ್ಪಸಂಖ್ಯಾತ ಅಲವಿ ಸಮುದಾಯದವರೇ ಹೆಚ್ಚಾಗಿರುವ ಕರಾವಳಿ ಸೀಮೆಯಲ್ಲಿ ಸುಮಾರು 1,400 ಮಂದಿ ಸತ್ತರು ಎಂದು ವಿಶ್ವಸಂಸ್ಥೆಯ ತನಿಖಾ ಆಯೋಗ ಹೇಳಿದೆ. ಹೊಸ ಸರ್ಕಾರದ ಪರವಾದ ಸಶಸ್ತ್ರರು ಮನೆಗಳಿಗೆ ನುಗ್ಗಿ, ‘ನೀವು ಅಲವಿಗಳೋ, ಸುನ್ನಿಗಳೋ’ ಎಂದು ಕೇಳಿ ಕೊಂದರು. ಜುಲೈನಲ್ಲಿ ದಕ್ಷಿಣದ ಸುವೈದಾದಲ್ಲಿ ಇನ್ನೊಂದು ಅಲ್ಪಸಂಖ್ಯಾತ ಸಮುದಾಯವಾದ ದ್ರೂಜರ ರಕ್ತ ಹರಿಯಿತು. ಇವನ್ನು ಅಡಿಟಿಪ್ಪಣಿಯಂತೆ ಬರೆಯಬಾರದಿತ್ತು.

ಆದರೆ ನಿಮ್ಮ ಮೊದಲ ಮಾತನ್ನು ನಾನು ಒಪ್ಪಲಾರೆ. ನೀವು ಮೂವತ್ತು ವರ್ಷ ಪಾಠ ಹೇಳಿದವರು, ಆದ್ದರಿಂದ ಶಾಲೆಯ ಗೋಡೆಯೊಂದರಿಂದಲೇ ಶುರು ಮಾಡುತ್ತೇನೆ. 2011ರಲ್ಲಿ ದಕ್ಷಿಣದ ದರಾ ಪಟ್ಟಣದ ಹುಡುಗರು ಅಂಥದೊಂದು ಗೋಡೆಯ ಮೇಲೆ ‘ಈಗ ನಿನ್ನ ಸರದಿ, ಡಾಕ್ಟರೇ’ ಎಂದು ಬರೆದರು. ಬಶರ್ ಅಸಾದ್ ಕಣ್ಣಿನ ವೈದ್ಯ, ಲಂಡನ್ನಿನಲ್ಲಿ ತರಬೇತಿ ಪಡೆದವನು. ಟುನೀಶಿಯಾ, ಈಜಿಪ್ಟ್‌ಗಳಲ್ಲಿ ಅಧ್ಯಕ್ಷರು ಉರುಳಿದ್ದನ್ನು ಟಿವಿಯಲ್ಲಿ ಕಂಡ ಹುಡುಗರ ಕೈಬರಹ ಅದು. ನೀವಾಗಿದ್ದರೆ ಕಿವಿ ಹಿಂಡಿ, ಗೋಡೆ ಒರೆಸಿಸಿ ಮನೆಗೆ ಕಳುಹಿಸುತ್ತಿದ್ದಿರಿ. ಅಲ್ಲಿ ಪೊಲೀಸರು ಹುಡುಗರನ್ನು ಹೊತ್ತೊಯ್ದು ಚಿತ್ರಹಿಂಸೆ ಕೊಟ್ಟರು. ಮಕ್ಕಳನ್ನು ಬಿಡಿ ಎಂದು ಬೀದಿಗಿಳಿದ ಊರಿನವರ ಮೇಲೆ ಗುಂಡು ಹಾರಿತು. ನೀವು ಹೇಳುವ ದಂಡ ಅಂದು ಕೆಳಗೆ ಬಿದ್ದಿರಲಿಲ್ಲ. ಎತ್ತಿ ಬೀಸಿದ್ದರಿಂದಲೇ ಬೆಂಕಿ ಹೊತ್ತಿತು. ಮುಂದಿನ ಹತ್ತು ವರ್ಷಗಳಲ್ಲಿ ಸತ್ತ ನಾಗರಿಕರೇ ಮೂರು ಲಕ್ಷಕ್ಕೂ ಹೆಚ್ಚು ಎಂಬುದು ವಿಶ್ವಸಂಸ್ಥೆಯ ಅಂದಾಜು.

‘ಅವರಿಗೆ ಪ್ರಜಾಪ್ರಭುತ್ವದ ಅಭ್ಯಾಸವೇ ಇಲ್ಲ’ ಎಂದಿದ್ದೀರಿ. ಅಭ್ಯಾಸ ಮಾಡಲು ಬಿಟ್ಟವರಾದರೂ ಯಾರು? 1963ರಲ್ಲಿ ಹೇರಿದ ತುರ್ತು ಪರಿಸ್ಥಿತಿಯನ್ನು ತೆಗೆದದ್ದು 2011ರ ಏಪ್ರಿಲ್‌ನಲ್ಲಿ. ನಮ್ಮಲ್ಲಿ ಇಪ್ಪತ್ತೊಂದು ತಿಂಗಳಿದ್ದದ್ದು ಅಲ್ಲಿ 48 ವರ್ಷ ಇತ್ತು. 2000ದಲ್ಲಿ ತಂದೆ ಹಾಫಿಜ್ ಸತ್ತಾಗ, 34ರ ಮಗನಿಗೆ ಪಟ್ಟ ಕಟ್ಟಲು ಸಂವಿಧಾನದಲ್ಲಿದ್ದ 40 ವರ್ಷದ ನಿಯಮವನ್ನೇ ತಿದ್ದಿದರು. ಹೊಸಬ ಬಂದನೆಂಬ ಆಸೆಯಿಂದ ದಮಾಸ್ಕಸ್‌ನ ಜನ ಮನೆಗಳ ಪಡಸಾಲೆಯಲ್ಲಿ ಸೇರಿ ಚರ್ಚೆಗೆ ಕುಳಿತರು. ಮರುವರ್ಷವೇ ಆ ಕೂಟಗಳಿಗೆ ಬೀಗ ಬಿತ್ತು. ಅಂಥ ಕೂಟ ನಡೆಸಿದ ಸಂಸದ ರಿಯಾದ್ ಸೈಫ್ ಜೈಲು ಸೇರಿದರು. ಗಡ್ಡಾಫಿಯ ಲಿಬಿಯಾದಲ್ಲಿ ಪಕ್ಷ ಕಟ್ಟುವುದೇ ಅಪರಾಧವಾಗಿತ್ತು. ಇರಾಕಿನ ಕಥೆ ಬೇರೆ: ಅಲ್ಲಿಗೆ ಬಂದದ್ದು ಹೊರಗಿನ ಸೈನ್ಯ. 2003ರ ಮೇ ತಿಂಗಳಲ್ಲಿ ಅಮೆರಿಕದ ಆಡಳಿತ ಒಂದೇ ಆದೇಶದಿಂದ ಇರಾಕಿ ಸೇನೆಯನ್ನು ವಿಸರ್ಜಿಸಿ, ಬಂದೂಕು ಹಿಡಿದು ಬದುಕಿದ್ದ ಲಕ್ಷಾಂತರ ಜನರನ್ನು ಸಂಬಳವಿಲ್ಲದೆ ಬೀದಿಗೆ ಬಿಟ್ಟಿತು.

ಅಸಾದನ ಆ ಬಲವಾದರೂ ಎಷ್ಟಿತ್ತು? ವಾಯವ್ಯದ ಇದ್ಲಿಬ್‌ನಿಂದ ಬಂಡುಕೋರರು ಹೊರಟದ್ದು 2024ರ ನವೆಂಬರ್ 27ರಂದು. ಡಿಸೆಂಬರ್ 4ರಂದು ಅಸಾದ್ ಸೈನಿಕರ ಸಂಬಳವನ್ನು ಶೇ. 50ರಷ್ಟು ಏರಿಸಿದ. ನಾಲ್ಕೇ ದಿನದಲ್ಲಿ ಅವನು ಮಾಸ್ಕೋ ಸೇರಿದ; ಅವನ ಸೈನಿಕರು ಸಮವಸ್ತ್ರ ಕಳಚಿ ರಸ್ತೆಬದಿಯಲ್ಲಿ ಎಸೆದು ಊರಿನ ದಾರಿ ಹಿಡಿದಿದ್ದರು. ಅಷ್ಟು ವರ್ಷ ಅವನನ್ನು ನಿಲ್ಲಿಸಿದ್ದು ರಷ್ಯಾದ ವಿಮಾನಗಳು, ಇರಾನ್ ಮತ್ತು ಲೆಬನಾನಿನ ಸಶಸ್ತ್ರ ಸಂಘಟನೆ ಹಿಜ್ಬುಲ್ಲಾ. ರಷ್ಯಾ ಉಕ್ರೇನಿನಲ್ಲಿ ಸಿಕ್ಕಿಕೊಂಡಿತು, ಹಿಜ್ಬುಲ್ಲಾ ಇಸ್ರೇಲಿನ ಏಟಿಗೆ ನೆಲಕಚ್ಚಿತು. ಊರುಗೋಲು ತೆಗೆದ ಕೂಡಲೇ ಬಿದ್ದ ಮನುಷ್ಯನನ್ನು ಬಲಶಾಲಿ ಎಂದು ಹೇಗೆ ಕರೆಯುವುದು, ಮೇಷ್ಟರೇ?

ಹಬ್ಬದಂತೆ ಬರೆದಿರಿ ಎಂದಿರಲ್ಲ, ನಾವು ಬರೆದದ್ದು ಅಸಾದ್ ತನ್ನ ವಿರೋಧಿಗಳನ್ನು ಕೂಡಿಹಾಕಿದ್ದ ಸೈದ್ನಾಯಾ ಜೈಲಿನ ಬಾಗಿಲು ತೆರೆದ ದಿನವನ್ನು. ಸಾವಿರಾರು ಕುಟುಂಬಗಳು ಬೆಟ್ಟ ಹತ್ತಿ ಅಲ್ಲಿಗೆ ಓಡಿದವು. ನೆಲದ ಮೇಲೆ ಚೆಲ್ಲಾಡಿದ್ದ ರಿಜಿಸ್ಟರುಗಳ ಹಾಳೆಗಳನ್ನು ಮೊಬೈಲಿನ ಬೆಳಕು ಹಿಡಿದು ತಿರುವಿ, ಮಗನದೋ ಅಣ್ಣನದೋ ಹೆಸರು ಹುಡುಕಿದರು. ನೆಲಮಾಳಿಗೆಯ ಕೆಳಗೆ ಇನ್ನೊಂದು ಗುಪ್ತ ಮಾಳಿಗೆ ಇದೆಯೆಂಬ ಸುದ್ದಿ ನಂಬಿ ಕಾಂಕ್ರೀಟು ಒಡೆದರು. ಎರಡು ದಿನ ಹುಡುಕಿದ ರಕ್ಷಣಾ ತಂಡ ಅಂಥ ಮಾಳಿಗೆ ಯಾವುದೂ ಇಲ್ಲ ಎಂದು ಘೋಷಿಸಿತು. ಅಂದರೆ ಸಿಗದವರು ಇನ್ನು ಸಿಗುವುದಿಲ್ಲ ಎಂದರ್ಥ. ಸಿರಿಯಾದಲ್ಲಿ ಕಾಣೆಯಾದವರು ಒಂದು ಲಕ್ಷಕ್ಕೂ ಹೆಚ್ಚು.

ಆ ಬಂಡುಕೋರರ ನಾಯಕ, ಹೊಸ ಅಧ್ಯಕ್ಷ ಅಹ್ಮದ್ ಅಲ್ ಶರಾನನ್ನು ನಂಬಬಹುದೇ ಎಂದು ಕೇಳಿದ್ದೀರಿ. ಕಣ್ಣುಮುಚ್ಚಿ ನಂಬಬೇಡಿ. ಹಿಂದೆ ಅಲ್ ಖೈದಾದೊಂದಿಗೆ ಇದ್ದವನು. ಅವನ ಸುಳಿವಿಗೆ ಒಂದು ಕೋಟಿ ಡಾಲರ್ ಬಹುಮಾನ ಇಟ್ಟಿದ್ದ ಅಮೆರಿಕವೇ 2025ರ ನವೆಂಬರ್‌ನಲ್ಲಿ ಅವನನ್ನು ಶ್ವೇತಭವನಕ್ಕೆ ಕರೆಯಿತು. ಅದಕ್ಕೂ ಮುಂಚೆ ಅವನು ಮಾಸ್ಕೋಗೆ ಹೋಗಿ ಪುಟಿನ್ ಕೈಕುಲುಕಿ ಬಂದಿದ್ದ. ದೊಡ್ಡ ದೇಶಗಳಿಗೆ ಬೇಕಿರುವುದು ನೌಕಾನೆಲೆ, ಗಡಿ, ವ್ಯಾಪಾರ. ಕರಾವಳಿಯ ಕೊಲೆಗಡುಕರಿಗೆ ಶಿಕ್ಷೆ ಆಗುತ್ತದೆಯೇ ಎಂಬುದರ ಮೇಲೆ ನಾನು ಅವನನ್ನು ಅಳೆಯುತ್ತೇನೆ. ‘ದೇಶ ಉಳಿಸಲು ಬಿಗಿ ಮಾಡುತ್ತಿದ್ದೇನೆ’ ಎಂದು ನಾಳೆ ಅವನೂ ಹೇಳಬಹುದು. ಆಗ ನಿಮ್ಮ ದಂಡಂ ದಶಗುಣಂ ಅವನಿಗೂ ಒದಗಿಬರುತ್ತದೆ. ನನ್ನ ಭಯ ಇರುವುದು ಅಲ್ಲಿ.

ಭಾರತ ಏನು ಮಾಡಿತು ಎಂಬ ನಿಮ್ಮ ಪ್ರಶ್ನೆಗೆ: ಯುದ್ಧದ ಉದ್ದಕ್ಕೂ ದಮಾಸ್ಕಸ್‌ನ ನಮ್ಮ ರಾಯಭಾರ ಕಚೇರಿ ಬಾಗಿಲು ಮುಚ್ಚಲಿಲ್ಲ. ಅಸಾದ್ ಓಡಿದ ಎರಡೇ ದಿನದಲ್ಲಿ 75 ಭಾರತೀಯರನ್ನು ಲೆಬನಾನ್ ದಾರಿಯಾಗಿ ಹೊರಗೆ ಕರೆತಂದರು. ಅವರಲ್ಲಿ 44 ಮಂದಿ ಜಮ್ಮು ಮತ್ತು ಕಾಶ್ಮೀರದ ಯಾತ್ರಿಕರು.

ಕರಾವಳಿ ಮತ್ತು ಸುವೈದಾದ ಹತ್ಯೆಗಳ ಬಗ್ಗೆ ಪೂರ್ಣ ಲೇಖನ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ನಿಮ್ಮ ಪತ್ರವನ್ನೂ ಒಂದಕ್ಷರ ಕತ್ತರಿಸದೆ ಅದರ ಪಕ್ಕದಲ್ಲೇ ಪ್ರಕಟಿಸುತ್ತೇವೆ.

ವಂದನೆಗಳೊಂದಿಗೆ,
ಸಂಪಾದಕ