ಕೊಡಗಿನಿಂದ ಬರುವ ನೆಂಟರು ಕಾರವಾರದಲ್ಲಿ ನೌಕಾಪಡೆಯ ಹಡಗಿನಲ್ಲಿ ಒಂದು ರಾತ್ರಿ ತಂಗುವುದಿದ್ದರೆ ಮೊದಲೇ ಏನೇನು ಹೇಳಿರಬೇಕು?

ಮಡಿಕೇರಿ ಬಿಡುವ ಮುನ್ನವೇ ಚೀಲ ನೋಡಿ. ಸೂಟ್‌ಕೇಸ್ ಇಡಲು ಹಡಗಿನಲ್ಲಿ ಜಾಗವಿರುವುದಿಲ್ಲ. ಬೆನ್ನಿಗೆ ಹಾಕುವ ಮೆತ್ತನೆಯ ಬ್ಯಾಗ್ ಸಾಕು. ಗುರುತಿನ ಚೀಟಿ ಅಸಲೇ ಬೇಕು. ಕೊಡವರು ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ, ಪೀಚೆಕತ್ತಿ, ಮನೆಯಲ್ಲೇ ಇರಲಿ. ಕೋವಿಗೆ ಕೊಡವರಿಗಿರುವ ಲೈಸೆನ್ಸ್ ವಿನಾಯಿತಿ ನೌಕಾನೆಲೆಯ ಗೇಟಿನಲ್ಲಿ ಲೆಕ್ಕಕ್ಕಿಲ್ಲ. ಮೊಬೈಲ್, ಕ್ಯಾಮೆರಾ ವಿಷಯದಲ್ಲಿ ಹಡಗಿನವರು ಹೇಳಿದ್ದೇ ಕೊನೆ.

ಪೆಟ್ಟಾಗುವುದು ಹೆಚ್ಚಾಗಿ ಏಣಿ, ಬಾಗಿಲುಗಳಲ್ಲಿ. ಮೆಟ್ಟಿಲು ಅಟ್ಟದ ಏಣಿಯಷ್ಟು ಕಡಿದು. ಇಳಿಯುವಾಗಲೂ ಮುಖ ಮೆಟ್ಟಿಲ ಕಡೆಗೇ, ಎರಡೂ ಕೈ ಕಂಬಿಯ ಮೇಲೆ. ಬಾಗಿಲಿಗೆ ಎತ್ತರದ ಉಕ್ಕಿನ ಹೊಸ್ತಿಲಿರುತ್ತದೆ. ಹೊಸ್ತಿಲು ತುಳಿಯಬಾರದೆಂಬ ಅಜ್ಜಿಯ ಮಾತು ಇಲ್ಲಿ ಅಕ್ಷರಶಃ ಸರಿ: ಅದರ ಮೇಲೆ ನಿಂತರೆ ಕಾಲು ಜಾರುತ್ತದೆ, ಇಲ್ಲವೇ ಹಣೆ ಮೇಲಿನ ಚೌಕಟ್ಟಿಗೆ ಬಡಿಯುತ್ತದೆ. ಚೌಕಟ್ಟಿನ ಅಂಚಿಗೆ ಬೆರಳಿಡಬೇಡಿ. ಹಡಗು ವಾಲಿದಾಗ ಆ ಭಾರದ ಬಾಗಿಲು ತಾನಾಗಿ ಮುಚ್ಚಿಕೊಂಡು ಬೆರಳು ಜಜ್ಜುತ್ತದೆ. ಇಂಥ ಏಣಿ, ಹೊಸ್ತಿಲು ದಾಟಬೇಕಾದ್ದರಿಂದ ಸೀರೆ, ಹವಾಯಿ ಚಪ್ಪಲಿ ಬೇಡ; ರಬ್ಬರ್ ಅಟ್ಟೆಯ ಶೂ ಇರಲಿ.

ಹಡಗು ಸಮುದ್ರಕ್ಕೆ ಹೊರಡುವುದಾದರೆ, ಸಂಪಾಜೆ ಘಾಟಿಯಲ್ಲೇ ಹೊಟ್ಟೆ ತೊಳೆಸುವವರು ವೈದ್ಯರನ್ನು ಕೇಳಿ ವಾಂತಿಯ ಮಾತ್ರೆಯನ್ನು ಒಂದೆರಡು ಗಂಟೆ ಮೊದಲೇ ನುಂಗಲಿ. ವಾಂತಿ ಶುರುವಾದ ಮೇಲೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಮಾತ್ರೆಯಿಂದ ನಿದ್ದೆ ಬರುತ್ತದೆ, ಅದರ ಜೊತೆ ಮದ್ಯ ಸಲ್ಲದು. ಖಾಲಿ ಹೊಟ್ಟೆಯೂ ಕೆಟ್ಟದ್ದೇ. ಆದರೆ ಪಂದಿಕರಿ (ಕೊಡಗಿನ ಹಂದಿಮಾಂಸದ ಸಾರು) ಹಿಂದಿನ ದಿನಕ್ಕೇ ಮುಗಿಯಲಿ.

ಸಿಹಿನೀರು ಅಳತೆಯದು: ಮೈ ಒದ್ದೆ ಮಾಡಿ ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ಬಿಟ್ಟು ತೊಳೆದುಕೊಳ್ಳಿ. ಮಲಗುವ ಮುನ್ನ ಬಂಕ್‌ನಿಂದ (ಮಲಗುವ ಕಿರು ಮಂಚ) ಮೇಲಿನ ಡೆಕ್‌ಗೆ ಒಮ್ಮೆ ನಡೆದು ನೋಡಿ, ಲೈಫ್‌ಜಾಕೆಟ್ ಎಲ್ಲಿದೆ ಕೇಳಿಕೊಳ್ಳಿ.